ಪಾಸಿಂಗ್ ಪ್ಯಾಕೇಜಿನ ಬೆಂಚು, ಆಯಿಯ ಒಡಪು

ನಾನು ಹತ್ತನೇ ಕ್ಲಾಸಿನಲ್ಲಿದ್ದ ಆ ದಿನಗಳಲ್ಲಿ ನಮ್ಮ ಶಾಲೆಯಲ್ಲಿ ಎರಡು ನಮೂನೆಯ ಮಕ್ಕಳಿದ್ದೆವು. ಇಂಗ್ಲಿಷ್ ಕವಿತೆ ಓದುವವರು, ಇಂಗ್ಲಿಷ್ ಕವಿತೆ ಬಿಡುವವರು. ನಾನು ಬಿಡುವವರ ಪೈಕಿ.

ಪಾಸಿಂಗ್ ಪ್ಯಾಕೇಜ್ ಎಂದರೆ ಏನೆಂದು ನಮ್ಮ ಕಡೆ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಸರಾ ರಜೆ ಮುಗಿಯುತ್ತಿದ್ದಂತೆ ಅರ್ಧವಾರ್ಷಿಕ ಪರೀಕ್ಷೆಯ ಅಂಕ ನೋಡಿ, ಮಾರ್ಚಿನಲ್ಲಿ ಡುಮ್ಕಿ ಹೊಡೆಯುವ ಲಕ್ಷಣ ಇದ್ದವರನ್ನೆಲ್ಲ ಒಂದು ಪಟ್ಟಿ ಮಾಡುತ್ತಿದ್ದರು. ಅಂಥವರಿಗೆ ಇಡೀ ಪುಸ್ತಕ ಬೇಡ. ಹೆಡ್‌ಮಾಸ್ತರರಿಗೆ ಬರೆಯುವ ರಜೆ ಅರ್ಜಿ, ಒಂದು ಪ್ರಬಂಧ, ಎಂಟು ಸಾಲು ಬಾಯಿಪಾಠ, ಇಷ್ಟನ್ನು ಕಣ್ಣುಮುಚ್ಚಿ ಬರೆದರೆ ಪಾಸಾಗುವಷ್ಟು ಬರುತ್ತದೆ ಎಂದು ಮಾಸ್ತರರ ನಂಬಿಕೆ. ನಮ್ಮ ಕ್ಲಾಸಿನಲ್ಲಿ ಆ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು. ಮೂರನೆಯದು ಜಗದೇವಿ. ಅದು ನಾನು.

ನಮ್ಮೂರು ಜೇವರ್ಗಿ ತಾಲೂಕಿನದು, ಕೊಳಕೂರಿನಿಂದ ನಡೆದೇ ಬರಬಹುದು. ಸುತ್ತ ಕಪ್ಪು ಎರೆ ಹೊಲ, ಜೋಳ, ತೊಗರಿ, ಆಚೆ ನಮ್ಮ ಬಾಯಲ್ಲಿ ಭೀಮಿ ಎನಿಸಿಕೊಂಡ ಭೀಮಾ ಹೊಳೆ. ಇಂಗ್ಲಿಷ್ ಕಲಿಸುತ್ತಿದ್ದವರು ಸಿದ್ರಾಮ ಸರ್, ಆಳಂದ ಕಡೆಯವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಕೆಟ್ಟವರೇನಲ್ಲ. ಆದರೆ ರಿಸಲ್ಟ್ ರಿಸಲ್ಟ್ ಎಂದು ಮೇಲಿನವರು ಅವರ ತಲೆ ತಿನ್ನುತ್ತಿದ್ದರು, ಅವರು ನಮ್ಮ ತಲೆ ತಿನ್ನುತ್ತಿದ್ದರು.

ಆ ದಿನ ಅವರು ಬೋರ್ಡಿನ ಮೇಲೆ 'ರೊಮ್ಯಾಂಟಿಕ್ ಪೊಯೆಟ್ರಿ' ಎಂದು ಬರೆದದ್ದೇ ತಡ, ಇಡೀ ಕ್ಲಾಸು ಕಿಸಕ್ಕೆಂದಿತು.

"ನಗಬ್ಯಾಡ್ರಿ," ಅಂದರು ಸರ್. "ಸಿನೆಮಾದ ರೊಮ್ಯಾಂಟಿಕ್ ಅಲ್ಲ ಇದು. ಇನ್ನೂರು ವರ್ಷದ ಹಿಂದ ಇಂಗ್ಲೆಂಡಿನಾಗ ಕೆಲವು ಕವಿಗಳಿದ್ರು. ಗುಡ್ಡ, ಗಾಳಿ, ಮೋಡ, ಹಕ್ಕಿ, ಇವುಗಳ ಜೋಡಿ ಮಾತಾಡಕೋತ ತಿರುಗ್ಯಾಡವ್ರು."

"ಅವರಿಗೆ ಹೊಲದಾಗ ಕೆಲಸ ಇರ್ತಿರಲಿಲ್ಲೇನ್ರಿ ಸರ್?" ಎಂದು ಹಿಂದಿನ ಬೆಂಚಿನಿಂದ ಕೇಳಿದವನು ಗೌತಮ. ಅವನಪ್ಪ ಕಬ್ಬಿನ ಟ್ರ್ಯಾಕ್ಟರು ಹೊಡೆದುಕೊಂಡು ಹವಳಗಾ ಫ್ಯಾಕ್ಟರಿಗೆ ಹೋಗುತ್ತಿದ್ದ. ಪಟ್ಟಿಯಲ್ಲಿ ಗೌತಮನದೇ ಮೊದಲ ಹೆಸರು.

ಸರ್ ನಗಲಿಲ್ಲ. "ಪಾಸಿಂಗ್ ಪ್ಯಾಕೇಜ್‌ನವ್ರು ಏಳ್ರಿ. ಹೊರಗ ಬೇವಿನ ಗಿಡದ ಕೆಳಗ ಕುಂತು ರಜಾ ಅರ್ಜಿ ಬಾಯಿಪಾಠ ಮಾಡ್ರಿ. ಇದು ನಿಮಗಲ್ಲ."

ಹನ್ನೊಂದು ಮಂದಿ ಎದ್ದು ಹೊರಗೆ ಬಂದೆವು. ಉಳಿದ ಹತ್ತು ಮಂದಿಗೆ ಬಿಡುವು ಸಿಕ್ಕಷ್ಟು ಖುಷಿ. ನನಗೆ ಮಾತ್ರ ಆ 'ನಿಮಗಲ್ಲ' ಎಂಬ ಮಾತು ಹಿಡಿಸಲಿಲ್ಲ. ಕವಿತೆಯ ಮೇಲೆ ನನಗೇನೂ ಪ್ರೀತಿ ಇರಲಿಲ್ಲ ಬಿಡಿ. ಆದರೆ ನನಗಲ್ಲ ಎಂದು ಯಾರಾದರೂ ಹೇಳಿದ್ದು ನನಗೆ ಬೇಕೇ ಬೇಕು. ಅವತ್ತಿಗೂ ಹಾಗೆ, ಇವತ್ತಿಗೂ ಹಾಗೆ. ನಾನು ಹೋಗಿ ಕಿಟಕಿಯ ಕೆಳಗೆ ಗೋಡೆಗೆ ಆತು ಕೂತೆ. ಬಾಯಲ್ಲಿ ರಜೆ ಅರ್ಜಿ, ಕಿವಿ ಒಳಗೆ.

ಒಳಗಿನಿಂದ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್ ಎಂಬ ಮೂರು ಶಬ್ದ ಮತ್ತೆಮತ್ತೆ ಬಂದವು. ಒಂದನ್ನು ಇನ್ನೊಂದಕ್ಕೆ ಹೋಲಿಸುವುದು, ನಡುವೆ 'ಹಾಗೆ' ಇದ್ದರೆ ಒಂದು ಹೆಸರು, ಇಲ್ಲದಿದ್ದರೆ ಇನ್ನೊಂದು, ಜೀವ ಇಲ್ಲದ್ದಕ್ಕೆ ಜೀವ ಕೊಟ್ಟರೆ ಮೂರನೆಯದು. ಕೇಳಿಸಿದ್ದು ಅಷ್ಟೇ. ಅರ್ಥ ಮಾತ್ರ ಕಿಟಕಿಯ ಆಚೆಗೇ ಉಳಿಯಿತು.

ಸಂಜೆ ಮನೆಯ ಅಂಗಳದಲ್ಲಿ ನಮ್ಮ ಆಯಿ ಹಸಿ ತೊಗರಿಕಾಯಿ ಸುಲಿಯುತ್ತ ಕೂತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ನಾನೂ ಮುಂದೆ ಕೂತು ಸುಲಿಯತೊಡಗಿದೆ. ಒಲೆಯ ಮೇಲೆ ಉಪ್ಪು ಹಾಕಿ ಕುದಿಸಲು ಇಟ್ಟ ಕಾಯಿಯ ವಾಸನೆ ಅಂಗಳ ತುಂಬಿತ್ತು.

"ಏನ್ ಗುಣುಗುಣು ಮಾಡಾಕತ್ತಿ ಬೇ?" ಅಂದಳು.

"ಸಿಮಿಲಿ, ಮೆಟಫರ್."

"ಅದೇನು, ಔಷಧದ ಹೆಸರೇನು?"

ನನಗೆ ತಿಳಿದಷ್ಟು ಹೇಳಿದೆ. ತಿಳಿಯದ್ದನ್ನೂ ಹೇಳಿದೆ, ಸ್ವಲ್ಪ ಅಳುವೂ ಬಂತು. ಆಯಿ ಕಾಯಿ ಸುಲಿಯುವುದು ಬಿಟ್ಟು ಬೊಚ್ಚು ಬಾಯಿ ತೆರೆದು ನಕ್ಕಳು. "ಇಷ್ಟಕ್ಕ ಇಂಗ್ಲಿಷ್ ಯಾಕ ಬೇಕು? ಲಗ್ನ ಆದಾಗಿಂದ ನಾ ಅದನ್ನಽ ಮಾಡಾಕತ್ತೇನಿ."

ಅವಳು ಹೇಳಿದ್ದು ಒಡಪಿನ ಮಾತು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದಾಗಿ ಹೇಳುತ್ತಿರಲಿಲ್ಲ. ಮದುವೆಯಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳು, ಒಳಗ ಬಿಡ್ತೀವಿ" ಎಂದು ಕಾಡಿದಾಗ, ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಆ ಹೆಸರನ್ನು ಅಡಗಿಸಿ ಹೇಳಬೇಕು. ಅದೇ ಒಡಪು. ಆಯಿ ಬಾಯಿ ತೆರೆದರೆ ಒಡಪು ಹುಟ್ಟುತ್ತಿದ್ದವು. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವುದು ಅವಳ ಮಟ್ಟಿಗೆ ಸೋಲು. ಸುತ್ತಲಿನ ಊರುಗಳ ಮದುವೆಗೆ ಅವಳು ಹೋದರೆ ಹೆಂಗಸರು ಊಟ ಬಿಟ್ಟು ಬಂದು ಸುತ್ತ ಕೂರುತ್ತಿದ್ದರು.

"ಕೇಳು," ಎಂದು ಆಯಿ ಸೆರಗು ಸರಿಮಾಡಿಕೊಂಡಳು.

"ಮಳಿಗಾಲದ ಭೀಮಿ ಹಾಂಗ ತುಂಬಿರಲಿ ನನ್ನ ಮನಿ,
ಶರಣಪ್ಪನೋರ ಮಾತಂದ್ರ ಬಿಸಿಬಿಸಿ ಸೀತನಿ."

ಕಟ್ಟೆಯ ಮೇಲೆ ಕೂತಿದ್ದ ಶರಣಪ್ಪ, ಅಂದರೆ ಆಯಿಯ ಗಂಡ, ನಮ್ಮ ಮುತ್ಯಾ, ಕೆಮ್ಮಿದ. ಅವನು ದಿನಕ್ಕೆ ಆಡುತ್ತಿದ್ದುದು ನಾಲ್ಕು ಮಾತು, ಅದರಲ್ಲಿ ಎರಡು ಬೈಗುಳ. ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿಗೂ ಅವನ ಬಾಯಿಗೂ ಏನೇನೂ ಸಂಬಂಧ ಇರಲಿಲ್ಲ. ಆದರೂ ಅವನ ಮುಖ ಕೆಂಪಾದದ್ದನ್ನು ನಾನು ನೋಡಿದೆ.

ಆಯಿ ಸುಲಿದ ಕಾಳನ್ನು ಎರಡು ಗುಂಪು ಮಾಡಿ ನಡುವೆ ಒಂದು ಕಡ್ಡಿ ಇಟ್ಟಳು. "ಇದು ನಮ್ಮ ಹೊಲ, ಇದು ಮಗ್ಗಲದವರದು. ನಡುವ ಒಡ್ಡು. 'ಭೀಮಿ ಹಾಂಗ ಮನಿ' ಅಂದ್ರ ಒಡ್ಡು ಅದ. ಮನಿ ಮನೀನಽ, ಹೊಳಿ ಹೊಳೀನಽ. ಒಂದನ್ನೊಂದು ನೋಡ್ಕೋತ ನಿಂತಾವ, ಅಷ್ಟಽ. ಆದ್ರ 'ಮಾತಂದ್ರ ಸೀತನಿ' ಅಂದೆ ನೋಡು," ಎಂದು ಕಡ್ಡಿ ಕಿತ್ತು ಎಸೆದು ಎರಡೂ ಗುಂಪನ್ನು ಅಂಗೈಯಿಂದ ಕೂಡಿಸಿಬಿಟ್ಟಳು. "ಒಡ್ಡು ಕಿತ್ತೆ. ಎರಡೂ ಒಂದಽ ಹೊಲ ಆತು."

"ಒಡ್ಡು ಯಾವಾಗ ಕೀಳಬೇಕು ಆಯಿ?"

"ಭಾಳ ಪ್ರೀತಿ ಇದ್ದಾಗ. ಇಲ್ಲಾ ಭಾಳ ಸಿಟ್ಟಿದ್ದಾಗ. ನಡುವಿಂದಕ್ಕೆಲ್ಲ ಒಡ್ಡು ಇದ್ರಽ ಚಂದ."

ನನಗೆ ತಿಳಿಯಿತು. ಹೀಗೆ ತಿಳಿದದ್ದು ಹತ್ತು ವರ್ಷದ ಶಾಲೆಯಲ್ಲಿ ಅದೇ ಮೊದಲು. ಖುಷಿಗೆ ಆಯಿಯ ಕೊರಳಿಗೆ ಜೋತುಬಿದ್ದು ಕಾಳೆಲ್ಲ ಚೆಲ್ಲಿದೆ. "ಮೊದಲ ಅದನ್ನ ಆರಿಸು" ಎಂದು ಬೈಸಿಕೊಂಡೆ.

ಮರುದಿನದಿಂದ ಬೇವಿನ ಗಿಡದ ಕೆಳಗೆ ಹೊಸ ಆಟ ಶುರುವಾಯಿತು. ಒಬ್ಬರು ಒಡಪು ಕಟ್ಟಬೇಕು, ಉಳಿದವರು "ಒಡ್ಡು ಅದ" ಇಲ್ಲವೇ "ಒಡ್ಡು ಇಲ್ಲ" ಎಂದು ಕೂಗಬೇಕು. ತಪ್ಪು ಕೂಗಿದವರು ತಮ್ಮ ಬುತ್ತಿಯ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಂಚಬೇಕು. ಒಡಪು ಹೆಂಗಸರ ಕೆಲಸ ಎಂದು ಗೌತಮ ಮೊದಲು ಮೂತಿ ತಿರುವಿದ. ಎರಡು ದಿನಕ್ಕೆ ಅವನೇ ಎಲ್ಲರಿಗಿಂತ ಹುಷಾರಾದ.

"ಹವಳಗಾ ಹಾದ್ಯಾಗ ಆನಿ ಹಾಂಗ ಹೊಂಟದ ನಮ್ಮಪ್ಪನ ಟ್ರ್ಯಾಕ್ಟರಿನ ಟೈರು,
ಸಿದ್ರಾಮ ಸರ್ ಕಣ್ಣಂದ್ರ ಒಲಿಯಾಗಿನ ಫೈರು!"

"ಮೊದಲಿಂದಕ್ಕ ಒಡ್ಡು ಅದ, ಎರಡನೇದಕ್ಕ ಇಲ್ಲ!" ಎಂದು ಹತ್ತು ಗಂಟಲು ಒಟ್ಟಿಗೆ ಕೂಗಿದವು. ಒಳಗಿನಿಂದ ಸರ್ ಡಸ್ಟರಿನಿಂದ ಮೇಜು ಬಡಿದರು. ರಜೆ ಅರ್ಜಿಯನ್ನು ನಾವು ಇಷ್ಟು ಉತ್ಸಾಹದಿಂದ ಉರು ಹೊಡೆಯುತ್ತಿದ್ದೇವೆ ಎಂದು ಅವರು ತಿಳಿದಿರಬೇಕು.

ಇಂಗ್ಲಿಷ್ ಹೆಸರುಗಳಿಗೆ ಮುಂದಿನ ಬೆಂಚಿನ ಸುಮಂಗಲಾಳ ನೋಟ್‌ಬುಕ್ ಇಸಿದುಕೊಂಡೆ. ಒಂದು ದಿನಕ್ಕೆ ಒಂದು ಡಬ್ಬಿ ಕುದಿಸಿದ ತೊಗರಿಕಾಯಿ ಎಂದು ಕರಾರಾಗಿತ್ತು. ಪಠ್ಯಪುಸ್ತಕದ ಕವಿತೆಗಳಲ್ಲಿ ಗೊತ್ತಿಲ್ಲದ ಶಬ್ದಕ್ಕೆ ಡಿಕ್ಷನರಿ ನೋಡಿ, ಒಡ್ಡು ಇದ್ದಲ್ಲಿ ಪೆನ್ಸಿಲಿನಿಂದ ಗೆರೆ, ಇಲ್ಲದಲ್ಲಿ ಸೊನ್ನೆ ಹಾಕುತ್ತ ಹೋದೆ. ಆ ಕವಿಗಳು ನಿಜಕ್ಕೂ ಗಾಳಿಯ ಜೊತೆ, ಹಕ್ಕಿಯ ಜೊತೆ ಮಾತಾಡುತ್ತಿದ್ದರು. ಆಯಿಯೂ ಎಮ್ಮೆಯ ಜೊತೆ, ಒಲೆಯ ಜೊತೆ, ಬಾರದ ಮಳೆಯ ಜೊತೆ ಮಾತಾಡುತ್ತಿದ್ದಳು, ಹೆಚ್ಚಾಗಿ ಜಗಳ. ಹಾಗಾಗಿ ನನಗೆ ಅವರು ಹೊರಗಿನವರು ಎನಿಸಲಿಲ್ಲ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಟೆಸ್ಟು. ನಾಲ್ಕು ಸಾಲು ಕೊಟ್ಟು ಒಂದೊಂದರ ಅಲಂಕಾರ ಬರೆಯಿರಿ ಎಂಬ ಪ್ರಶ್ನೆ ಓದಿ ಸರ್ "ಪ್ಯಾಕೇಜ್‌ನವ್ರು ಇದನ್ನ ಬಿಡ್ರಿ" ಅಂದಿದ್ದರು. ನಾನು ಮೊದಲು ಅದನ್ನೇ ಬರೆದೆ.

ಮರುದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿಕಾಳು ಸೊಪ್ಪೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಗಡಿಗೆ ತುಂಬ ಅಂಬಲಿ. ಜೋಳ ಎದೆಮಟ್ಟ ನಿಂತು ತೆನೆ ಹಿರಿಯುತ್ತಿತ್ತು. ಎಲ್ಲ ಅಡುಗೆಯನ್ನೂ ಸ್ವಲ್ಪಸ್ವಲ್ಪ ಕೂಡಿಸಿ ಹೊಲದ ತುಂಬ ಚರಗ ಚೆಲ್ಲುವುದು ಆಯಿಯ ಕೆಲಸ. ಬೆಳೆ ಹೊತ್ತ ಭೂಮಿಗೆ ಆವತ್ತು ಬಯಕೆಯೂಟ. ನಾನೂ ನನ್ನ ತಮ್ಮನೂ ಸಾಲಿನ ನಡುವೆ ಓಡುತ್ತಿದ್ದಾಗ ಆಯಿ ಗದರಿದಳು.

"ಜರಾ ಮೆತ್ತಗ ನಡೀರಿ. ತುಂಬಿದ ಬಸುರಿ ಅದಾಳ."

"ಆಯಿ, ಇದು ಪರ್ಸಾನಿಫಿಕೇಶನ್!" ಎಂದು ಹಿಗ್ಗಿ ಕೂಗಿದೆ. "ಜೀವ ಇಲ್ಲದ್ದಕ್ಕ ಜೀವ ಕೊಟ್ಟು ಮಾತಾಡೂದು. ಇದೂ ಒಂದು ಅಲಂಕಾರ."

ಆಯಿ ನಿಂತಳು. ಹಿಂದೆಂದೂ ನೋಡಿರದ ಸಿಟ್ಟು ಅವಳ ಮುಖದಲ್ಲಿತ್ತು. "ಜೀವ ಇಲ್ಲದ್ದು ಅಂತ ಯಾರು ಹೇಳಿದ್ರು ನಿನಗ? ಅಲಂಕಾರ ಅಂದ್ರ ಕೊಳ್ಳಾಗ ಹಾಕ್ಕೊಂಡು, ಬ್ಯಾಡಾದಾಗ ತೆಗದಿಡೂದು. ಇದನ್ನ ತೆಗದಿಡಾಕ ಬರ್ತದೇನು? ಇದು ಖರೇ." ನಾನು ಚಪ್ಪಲಿ ಬಿಟ್ಟು ಅವಳ ಹಿಂದೆ ಮೆತ್ತಗೆ ನಡೆದೆ.

ಮಾರನೆಯ ದಿನ ಪೇಪರು ಕೊಟ್ಟರು. ನನ್ನದನ್ನು ಕೊಡಲಿಲ್ಲ.

"ಜಗದೇವಿ, ನಿಂದ್ರು. ಎಲ್ಲಿಂದ ಕಾಪಿ ಹೊಡದಿ?"

"ಹೊಡದಿಲ್ರಿ ಸರ್."

"ಸುಮಂಗಲಾನ ಪೇಪರ್ ನೋಡಿ ಬರದಿ. ಆಕಿ ನಿನ್ನ ಮುಂದಽ ಕುಂತಿದ್ಲು."

ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಸುಮಂಗಲಾಳ ಪೇಪರು ಅವಳ ಬೆಂಚಿನ ಮೇಲೆ ತೆರೆದೇ ಇತ್ತು. ನಾನು ಅದನ್ನು ಆಗ ಮೊದಲ ಸಲ ನೋಡಿದೆ.

"ಸುಮಂಗಲಾಗ ಮೂರಽ ಸರಿ ಬಂದಾವ್ರಿ ಸರ್. ಆಕಿದು ನೋಡಿ ಬರದಿದ್ರ ನನಗ ನಾಲ್ಕು ಹ್ಯಾಂಗ ಬರ್ತಾವ್ರಿ?"

ಹಿಂದಿನ ಬೆಂಚಿನಿಂದ ಗೌತಮ ಶಿಳ್ಳೆ ಹಾಕಿದ. ಇವತ್ತು ನಾನು ಜೇವರ್ಗಿ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಬಹಳ ವಾದ ಮಾಡಿದ್ದೇನೆ, ಆದರೆ ಅಂಥ ಸಲೀಸಾದ ವಾದ ಆಮೇಲೆ ನನಗೆ ಸಿಕ್ಕಿಲ್ಲ.

ಸರ್ ಬಿಡಲಿಲ್ಲ. "ಹಂಗಾರ ಗೈಡ್ ಇಟಗೊಂಡಿದ್ದಿ."

"ಯಾವ ಗೈಡಿನಾಗೂ ಇಲ್ಲದ್ದು ಬರೀರಿ ಸರ್. ಹೇಳ್ತೇನಿ."

"ತಪ್ಪಾದ್ರ ಈ ಮಾರ್ಕ್ಸ್ ಹೊಡದುಹಾಕ್ತೇನಿ. ನಿಮ್ಮಪ್ಪನ್ನ ಕರಕೊಂಡು ಬರಬೇಕು."

"ಸರಿಯಾದ್ರ ನಾನೂ ಕವಿತಾ ಕ್ಲಾಸಿನಾಗ ಕುಂದ್ರಾಕಿ."

ಮಾತು ಬಾಯಿಂದ ಬಿದ್ದಾಗಿತ್ತು. ಸೋತರೆ ಅಪ್ಪನ ಮುಂದೆ ಕಳ್ಳಿ ಎನಿಸಿಕೊಳ್ಳಬೇಕಿತ್ತು. ಸರ್ ಒಂದು ಕ್ಷಣ ಯೋಚಿಸಿ, ಯಾವ ಪುಸ್ತಕವನ್ನೂ ನೋಡದೆ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದರು. ಸುಲಭದ ಶಬ್ದಗಳೇ. ಮೊದಲ ಸಾಲಿನಲ್ಲಿ ಸಂಜೆಯ ಮೋಡಗಳು ಮನೆಗೆ ಹೊರಟ ಕುರಿಗಳ ಹಾಗಿದ್ದವು.

"ಸಿಮಿಲಿ."

"ಯಾಕ?"

"ನಡುವ ಒಡ್ಡು ಅದರಿ. ಮೋಡ ಮೋಡಽ, ಕುರಿ ಕುರೀನಽ."

ಸರ್ ಹುಬ್ಬು ಗಂಟಿಕ್ಕಿದರು, ಆದರೆ ಟಿಕ್ ಹಾಕಿದರು. ಎರಡನೆಯ ಸಾಲಿನಲ್ಲಿ ಗಾಳಿ ಒಂದು ಕೊಳಲು.

"ಮೆಟಫರ್ ರಿ. ಒಡ್ಡು ಕಿತ್ತಾರ."

ಇನ್ನೊಂದು ಟಿಕ್. ಮೂರನೆಯ ಸಾಲಿನಲ್ಲಿ ಭೂಮಿತಾಯಿ ಬೀಜವನ್ನು ಒಡಲಲ್ಲಿ ಹೊತ್ತು ಮಲಗಿದ್ದಾಳೆ, ಮೆಲ್ಲಗೆ ನಡೆಯಿರಿ ಎಂದಿತ್ತು.

ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆ ಒಂದು ಶಬ್ದ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆಯಿಯ ಮುಖ ಕಣ್ಣ ಮುಂದೆ ಬಂದು ನಿಂತಿತು. ಚರಗ ಚೆಲ್ಲಿದ ಹೊಲದಲ್ಲಿ ಬರಿಗಾಲಲ್ಲಿ ನಡೆದು ಇನ್ನೂ ಒಂದು ದಿನವಾಗಿರಲಿಲ್ಲ. ಈಗ ಅದನ್ನು ಸುಳ್ಳು ಎನ್ನಲು ನನ್ನಿಂದಾಗಲಿಲ್ಲ.

"ಇದು ಅಲಂಕಾರ ಅಲ್ರಿ ಸರ್," ಅಂದೆ. "ಇದು ಖರೇ."

ಮುಂದಿನ ಬೆಂಚುಗಳು ಗೊಳ್ಳೆಂದವು. "ತಪ್ಪು," ಅಂದರು ಸರ್. "ಪರ್ಸಾನಿಫಿಕೇಶನ್."

"ಆ ಹೆಸರು ಗೊತ್ತದರಿ ಸರ್. ಆದ್ರ ಇವರು ಹೋಲಿಸಾಕತ್ತಿಲ್ರಿ. ನಿನ್ನಿ ನಮ್ಮ ಆಯಿ ಹೊಲದಾಗ ಇದನ್ನಽ ಅಂದ್ಲು, ಮೆತ್ತಗ ನಡೀರಿ ಅಂತ. ಆಕಿ ಚಂದ ಕಾಣ್ಲಿ ಅಂತ ಅಂದಿಲ್ಲ. ಈ ಸಾಲು ಬರದವರೂ ಹೊಲದಾಗ ನಿಂತಽ ಬರದಾರ. ಚಪ್ಪಲಿ ಬಿಟ್ಟು ನಿಂತಿರಬೇಕು."

ಸರ್ ಬೋರ್ಡಿನ ಕಡೆ ತಿರುಗಿ ಆ ಮೂರನೆಯ ಸಾಲನ್ನೇ ನೋಡುತ್ತ ನಿಂತರು. ನಗು ತಾನಾಗಿಯೇ ನಿಂತಿತು. ಸೀಮೆಸುಣ್ಣ ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು.

"ಈ ಸಾಲು ನಾನಽ ಬರದದ್ದು," ಅಂದರು. "ಬಿ.ಎ. ಓದೂವಾಗ. ಆ ರೊಮ್ಯಾಂಟಿಕ್ ಕವಿಗಳನ್ನ ಓದಿ ಓದಿ ನನಗೂ ಬರಿಬೇಕು ಅಂತ ಹುಚ್ಚು ಹಿಡದಿತ್ತು. ಆಳಂದದಾಗ ನಮ್ಮ ಹೊಲಕ್ಕ ಚರಗಕ್ಕ ಹೋದ ದಿನ, ನಮ್ಮವ್ವ ಚೆಲ್ಲೂದು ನೋಡಿ ಬರದೆ. ನಮ್ಮ ಲೆಕ್ಚರರು 'ಪರ್ಸಾನಿಫಿಕೇಶನ್ ಚಲೋ ಅದ' ಅಂತ ಷರಾ ಬರದು ಕೊಟ್ರು. ಹೊಗಳಿದ್ರೂ ಮನಸ್ಸಿಗೆ ಏನೋ ಕಸಿವಿಸಿ ಆತು. ಯಾಕಂತ ಇವತ್ತ ತಿಳೀತು ನೋಡು."

ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು, ನನ್ನ ಪೇಪರಿನ ಮೇಲೆ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿದರು. "ಪರೀಕ್ಷಾದಾಗ ಮಾತ್ರ ಪರ್ಸಾನಿಫಿಕೇಶನ್ ಅಂತನಽ ಬರಿಯವ್ವಾ. ಇಲ್ಲಂದ್ರ ಮಾರ್ಕ್ಸ್ ಹೋಗ್ತಾವ. ನಾಳಿಂದ ಒಳಗ ಕುಂದ್ರು."

ಅಲ್ಲಿಗೆ ನಾನು ಗೆದ್ದಿದ್ದೆ. ಕೂತುಬಿಡಬಹುದಿತ್ತು. ಆದರೆ ಹಿಂದೆ ತಿರುಗಿ ನೋಡಿದರೆ ಹತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು.

"ಒಬ್ಬಾಕಿ ಬರಂಗಿಲ್ರಿ ಸರ್. ಹನ್ನೊಂದು ಮಂದಿಗೂ ಬರ್ತದ. ಬೇಕಾದ್ರ ಗೌತಮಗ ಕೇಳ್ರಿ."

ಗೌತಮ ಎದ್ದು ನಿಂತ. ಎಷ್ಟೋ ಒಡಪು ಕಟ್ಟಿದ್ದ ಪುಣ್ಯಾತ್ಮನಿಗೆ ಆ ಹೊತ್ತಿಗೆ ನೆನಪಾದದ್ದು ಟೈರು ಮತ್ತು ಫೈರು. ಎರಡನೇ ಸಾಲಿಗೆ ಬಂದಾಗ ತಾನು ಏನು ಹೇಳುತ್ತಿದ್ದೇನೆ ಎಂದು ಅವನಿಗೆ ಹೊಳೆಯಿತು, ಆದರೆ ಪ್ರಾಸ ನಿಲ್ಲಲು ಬಿಡಲಿಲ್ಲ. "ಸಿದ್ರಾಮ ಸರ್ ಕಣ್ಣಂದ್ರ ಒಲಿಯಾಗಿನ ಫೈರು" ಎಂದು ಮುಗಿಸಿ ಕಣ್ಣು ಮುಚ್ಚಿಕೊಂಡ.

"ಇದು ಏನು?" ಸರ್ ಕೇಳಿದರು.

"ಮೆಟಫರ್ ರಿ ಸರ್. ತಪ್ಪಾತ್ರಿ ಸರ್."

ಸಿದ್ರಾಮ ಸರ್ ನಕ್ಕರು. ಅಂಗಿಯ ಜೇಬಿನ ಪೆನ್ನುಗಳು ಕುಣಿಯುವಷ್ಟು ನಕ್ಕರು. ಹೆಡ್‌ಮಾಸ್ತರರು ಪಕ್ಕದ ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದರು. ಮರುದಿನದಿಂದ ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ. ಹನ್ನೊಂದು ಮಂದಿ ಒಳಗೆ ಕೂತೆವು. ಮಾರ್ಚಿನ ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ಹನ್ನೊಂದು ಮಂದಿಯೂ ಬರೆದೆವು, ಹನ್ನೊಂದು ಮಂದಿಯೂ ಪಾಸಾದೆವು. ಗೌತಮ ಈಗ ಸೊನ್ನ ಬ್ಯಾರೇಜಿನ ಕಡೆ ಕೆಲಸದಲ್ಲಿದ್ದಾನೆ. ತಾನು ಪರೀಕ್ಷೆಯಲ್ಲೂ ಒಂದು ಸಾಲಿಗೆ 'ಖರೇ' ಎಂದೇ ಬರೆದೆ ಎಂದು ಆಣೆ ಮಾಡಿ ಹೇಳುತ್ತಾನೆ. ನಾನು ನಂಬಿಲ್ಲ.

ಆವತ್ತು ಸಂಜೆ ಓಡಿ ಬಂದು ಆಯಿಗೆ ಎಲ್ಲ ಹೇಳಿದೆ. ಓಣಿಯ ಹೆಂಗಸರು ಅಂಗಳದಲ್ಲಿ ಕೂತಿದ್ದರು. ಆಯಿ ಕೇಳಿಸಿಕೊಂಡು, ಬಾಯೊಳಗಿನ ಅಡಿಕೆ ಒಂದು ಕಡೆ ದವಡೆಗೆ ಸರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಎರಿ ಹೊಲದಾಗ ಎದ್ದು ನಿಂತದ ಬಿಳಿಜ್ವಾಳದ ದಂಟು,
ಜಗದೇವಿ ಅಂದ್ರ ನನ್ನ ಸೆರಗಿನ ಗಂಟು."

ಹೆಂಗಸರು ಹೋ ಎಂದರು. ಶರಣಪ್ಪನ ಹೆಸರಿಲ್ಲದ ಒಡಪನ್ನು ಆಯಿ ಹೇಳಿದ್ದು ಅದೊಂದೇ ಸಲ. ಮನೆಯ ಕೀಲಿ, ಅಡಿಕೆ ಚೂರು, ಕಳೆಯಬಾರದ್ದು ಏನಿದ್ದರೂ ಅವಳು ಸೆರಗಿನ ತುದಿಗೆ ಗಂಟು ಕಟ್ಟಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದಳು.

ಮೊನ್ನೆ ಅಫಜಲಪುರದಲ್ಲಿ ಚಿಕ್ಕಪ್ಪನ ಮಗನ ಮದುವೆ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳು ಎಂದಾಗ ಮದುಮಗಳು ಮೊಬೈಲ್ ತೆಗೆದು ಒಡಪು ಹುಡುಕಿ ಓದಿದಳು. ಚೆನ್ನಾಗಿಯೇ ಇತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡನ ಹೆಸರು ಹೇಳಬಾರದೆಂಬ ಕಟ್ಟಳೆ ಹೋದದ್ದಕ್ಕೆ ನನಗೇನೂ ದುಃಖವಿಲ್ಲ, ನನ್ನ ಗಂಡನನ್ನು ನಾನು ಹೆಸರು ಹಿಡಿದೇ ಕೂಗುತ್ತೇನೆ. ಆದರೆ ಎದುರಿಗಿದ್ದವರನ್ನು ನೋಡಿ, ಆ ಗಳಿಗೆಗೆಂದೇ ಎರಡು ಸಾಲು ಕಟ್ಟುವ ಬಾಯಿ ನಮ್ಮ ಮನೆತನದಲ್ಲಿ ಈಗ ಒಂದೂ ಉಳಿದಿಲ್ಲ. ನನ್ನದೂ ಸೇರಿ. ಹೆಸರಿಡುವುದನ್ನು ನಾನು ಕಲಿತೆ, ಕಟ್ಟುವುದನ್ನು ಕಲಿಯಲಿಲ್ಲ. ಆಯಿಯ ನೂರಾರು ಒಡಪುಗಳನ್ನು ಯಾರೂ ಬರೆದಿಡಲಿಲ್ಲ, ನನಗೆ ನೆನಪಿರುವುದು ಆರೋ ಏಳೋ.

ಆಯಿ ತೀರಿಕೊಂಡ ದಿನ ಅವಳ ಸೆರಗಿನ ಗಂಟು ಬಿಚ್ಚಿದವಳು ನಾನೇ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಡಿಸಬೇಕಾಯಿತು. ಒಳಗೆ ಮನೆಯ ಕೀಲಿ ಇತ್ತು, ಅರ್ಧ ಅಡಿಕೆ ಇತ್ತು, ಅಷ್ಟು ವರ್ಷವೂ ಅಲ್ಲೇ ಬೆಚ್ಚಗಿದ್ದ ನಾನಿದ್ದೆ. ಇದಕ್ಕೆ ಪರೀಕ್ಷೆಯಲ್ಲಿ ಒಂದು ಹೆಸರಿದೆ, ಕೇಳಿದರೆ ಬರೆಯುತ್ತೇನೆ. ಆದರೆ ಇದು ಅಲಂಕಾರ ಅಲ್ಲ, ಖರೇ.